ಪಾಪ್‌ಅಪ್ ಕ್ಯಾಂಪರ್‌ನ ಚಾವಣಿ ಎತ್ತಲು ಬ್ಯಾಟರಿ ಡ್ರಿಲ್ ಬಳಸಬಹುದೇ?

ಕೋಥ್ರೂಡ್ ನಿವಾಸಿ, ಪುಣೆ:

ಎಲ್ಲರಿಗೂ ನಮಸ್ಕಾರ. ಕಾರಿನ ಹಿಂದೆ ಎಳೆದೊಯ್ಯುವ ಪಾಪ್‌ಅಪ್ ಕ್ಯಾಂಪರ್ ಒಂದು ನಮ್ಮಲ್ಲಿದೆ. ಅಮೆರಿಕದ ಮಡಚುವ ಟ್ರೇಲರ್‌ಗಳನ್ನು ಮಾದರಿಯಾಗಿಟ್ಟುಕೊಂಡು ಇಲ್ಲಿಯ ವರ್ಕ್‌ಶಾಪೊಂದರಲ್ಲಿ ಮಾಡಿಸಿದ್ದು. ದಾರಿಯಲ್ಲಿ ಹೋಗುವಾಗ ಚಾವಣಿ ಕೆಳಗಿಳಿದು ಕೂತಿರುತ್ತದೆ. ತಂಗುವ ಜಾಗ ತಲುಪಿದ ಮೇಲೆ ಮುಂಬದಿಯ ವಿಂಚಿನ ಹ್ಯಾಂಡಲ್ ತಿರುಗಿಸಿದರೆ ವೈರ್ ರೋಪ್ ಡ್ರಮ್ಮಿಗೆ ಸುತ್ತಿಕೊಳ್ಳುತ್ತಾ, ನಾಲ್ಕು ಮೂಲೆಗಳ ಕೊಳವೆಗಂಬಗಳು ಒಟ್ಟಿಗೆ ಉದ್ದವಾಗಿ ಚಾವಣಿಯನ್ನು ಸುಮಾರು ನಾಲ್ಕು ಅಡಿ ಮೇಲಕ್ಕೆತ್ತುತ್ತವೆ. ಚಾವಣಿಯ ತೂಕ 150 ಕಿಲೋ ಆಸುಪಾಸು ಇದೆಯೆಂದು ಮಾಡಿಕೊಟ್ಟವರು ಹೇಳಿದ್ದರು.

ತಾರ್ಕರ್ಲಿ, ವೆಂಗುರ್ಲೆ ಕಡೆಗೋ ಆಂಬೋಲಿಗೋ ಹೋದಾಗ ಈಗ ಈ ಹ್ಯಾಂಡಲ್ ತಿರುಗಿಸುವುದೇ ದೊಡ್ಡ ಕೆಲಸವಾಗಿಬಿಟ್ಟಿದೆ. ನನ್ನ ಬಲ ಭುಜ ಹಿಡಿದುಕೊಂಡಿದೆ, ಪತ್ನಿಗೆ ಅಷ್ಟು ಭಾರ ತಡೆಯುವುದಿಲ್ಲ. ‘ಹ್ಯಾಂಡಲ್ ಬಿಚ್ಚಿಟ್ಟು ಶಾಫ್ಟಿನ ನಟ್ಟಿಗೆ ಸಾಕೆಟ್ ಹಾಕಿ ಡ್ರಿಲ್ಲಿನಿಂದ ತಿರುಗಿಸಿದರೆ ಒಂದು ನಿಮಿಷದ ಕೆಲಸ’ ಎಂದು ಮಗ ಹೇಳುತ್ತಾನೆ. ಮನೆಯಲ್ಲಿ 18 ವೋಲ್ಟಿನ ಬ್ಯಾಟರಿ ಡ್ರಿಲ್ ಇದೆ, ಅದೇ ಬ್ಯಾಟರಿ ಕೂರುವ ಇಂಪ್ಯಾಕ್ಟ್ ಡ್ರೈವರ್ ಕೂಡ ಇದೆ. ಅಮೆರಿಕದವರು ಹೀಗೆ ಎತ್ತುವ ವಿಡಿಯೊಗಳನ್ನು ನೋಡಿದ್ದೇನೆ. ಹೀಗೆ ಮಾಡಲು ಹೋಗಿ ವಿಂಚಿನ ಹಲ್ಲು ಉದುರಿಸಿಕೊಂಡವರ ಗೋಳನ್ನೂ ಓದಿದ್ದೇನೆ. ಇವೆರಡರಲ್ಲಿ ಯಾವುದನ್ನು ಬಳಸಬೇಕು, ಇಳಿಸುವಾಗಲೂ ಬಳಸಬಹುದೇ, ಅಥವಾ ಈ ಗೊಡವೆಯೇ ಬೇಡವೆಂದು ವಿದ್ಯುತ್ ವಿಂಚ್ ಹಾಕಿಸಿಬಿಡುವುದು ಲೇಸೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಭೋಸರಿ ಗೇರ್‌ಬಾಕ್ಸ್, ಪಿಂಪ್ರಿ-ಚಿಂಚವಾಡ:

ನಮಸ್ಕಾರ ಸರ್. ಡ್ರಿಲ್ಲಿನ ಮಾತಿಗೆ ಬರುವ ಮೊದಲು ನಿಮ್ಮ ವಿಂಚ್ ಯಾವ ಜಾತಿಯದೆಂದು ಗೊತ್ತಾಗಬೇಕು, ಏಕೆಂದರೆ ಒಂದಕ್ಕೆ ಒಗ್ಗುವ ವಿಧಾನ ಇನ್ನೊಂದರಲ್ಲಿ ಚಾವಣಿಯನ್ನೇ ಕೆಡವಬಹುದು. ಎತ್ತುವಾಗಲೂ ಇಳಿಸುವಾಗಲೂ ಟಕಟಕ ಸದ್ದಿಲ್ಲದೆ ತಿರುಗಿ, ಕೈ ಬಿಟ್ಟಲ್ಲಿ ನಿಲ್ಲುವುದು ವರ್ಮ್ ಗೇರಿನ ವಿಂಚ್, ಅಂದರೆ ಸ್ಕ್ರೂವಿನಂಥ ದಂಡವೊಂದು ಹಲ್ಲುಚಕ್ರವನ್ನು ತಿರುಗಿಸುವಂಥದ್ದು. ಎತ್ತುವಾಗ ಟಕಟಕ ಎನ್ನುತ್ತಾ, ಇಳಿಸುವಾಗ ಸದ್ದು ಮಾಡದೆ, ಇದೂ ಕೈ ಬಿಟ್ಟಲ್ಲಿ ನಿಂತರೆ ಒಳಗೆ ಘರ್ಷಣೆಯ ಬಿಲ್ಲೆಗಳಿರುವ ಬ್ರೇಕ್ ವಿಂಚ್ ಎಂದು ತಿಳಿಯಿರಿ. ಇಳಿಸುವ ಮುನ್ನ ಹಲ್ಲಿಗೆ ಸಿಕ್ಕ ಕೊಕ್ಕೆಯನ್ನು ನೀವೇ ಬೆರಳಿನಿಂದ ಎತ್ತಿ, ಇಡೀ ಭಾರವನ್ನು ಹ್ಯಾಂಡಲಿನಲ್ಲೇ ತಡೆದುಕೊಳ್ಳಬೇಕಾಗಿದ್ದರೆ ಅದು ಬರೀ ರ‍್ಯಾಚೆಟ್ ವಿಂಚ್. ದೋಣಿಯನ್ನು ದಡಕ್ಕೆಳೆಯಲು ಅದು ಸಾಕು. ಜನ ಕೆಳಗೆ ಮಲಗುವ ಚಾವಣಿಗೆ ಕೈಯಿಂದ ತಿರುಗಿಸಲೂ ಅದು ಸಲ್ಲದು. ನಿಮ್ಮದು ಅದೇ ಆಗಿದ್ದರೆ ಮೊದಲು ವಿಂಚ್ ಬದಲಿಸಿ, ಡ್ರಿಲ್ಲಿನ ವಿಚಾರ ಆಮೇಲೆ ನೋಡೋಣ.

ವರ್ಮ್ ಗೇರ್ ತಾನಾಗಿ ಹಿಂದಕ್ಕೆ ತಿರುಗದಿರುವುದೇ ಅದರ ದೊಡ್ಡ ಗುಣ. ಆದರೆ ಹಾಗೆ ತಡೆದು ನಿಲ್ಲುವ ವರ್ಮ್ ಗೇರಿನ ದಕ್ಷತೆ ಶೇ 50ಕ್ಕಿಂತ ಕಡಿಮೆಯೇ ಇರುತ್ತದೆ, ಅಂದರೆ ನೀವು ಹಾಕುವ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಹಲ್ಲುಗಳ ನಡುವಿನ ಉಜ್ಜಾಟದಲ್ಲಿ ಬಿಸಿಯಾಗಿ ಹೋಗುತ್ತದೆ. ಕೈಯಿಂದ ನಿಮಿಷಕ್ಕೆ 40–50 ಸುತ್ತು ತಿರುಗಿಸುವಾಗ ಆ ಬಿಸಿ ಲೋಹಕ್ಕೆ ಹರಡಿ ಆರಲು ಸಮಯವಿರುತ್ತದೆ. ಡ್ರಿಲ್ ತನ್ನ ಕಡಿಮೆ ವೇಗದ ಗೇರಿನಲ್ಲೂ ಟ್ರಿಗರ್ ಪೂರ್ತಿ ಒತ್ತಿದರೆ 400–500 ಸುತ್ತು ತಿರುಗುತ್ತದೆ. ಆಗ ಗ್ರೀಸ್ ಹಲ್ಲುಗಳ ನಡುವಿನಿಂದ ಆಚೆ ಸರಿದು, ಮೆದುವಾದ ಕಂಚಿನ ಚಕ್ರ ಸವೆಯತೊಡಗುತ್ತದೆ. ವಿಂಚಿನ ಮುಚ್ಚಳ ತೆಗೆದು ಹಳೆಯ ಗ್ರೀಸನ್ನು ಬೆರಳಿನಲ್ಲಿ ತೆಗೆದು ಬಿಸಿಲಿಗೆ ಹಿಡಿದು ನೋಡಿ. ಅದರಲ್ಲಿ ಹಳದಿ ಮಿನುಗು ಕಂಡರೆ ಕಂಚು ಉದುರುತ್ತಿದೆ ಎಂದೇ ಅರ್ಥ.

ಶಕ್ತಿಯ ಲೆಕ್ಕದಲ್ಲಿ ನೋಡಿದರೆ ಈ ಕೆಲಸ ಡ್ರಿಲ್ಲಿಗೆ ಏನೂ ಅಲ್ಲ. 150 ಕಿಲೋವನ್ನು 1.2 ಮೀಟರ್ ಎತ್ತಲು ಬೇಕಾಗುವುದು ಸುಮಾರು 1,800 ಜೂಲ್. ಮುಕ್ಕಾಲು ಪಾಲು ಘರ್ಷಣೆಗೆ ಹೋಯಿತೆಂದು ಹಿಡಿದರೂ 7,200 ಜೂಲ್ ಆಯಿತು. 18 ವೋಲ್ಟ್, 4 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಎರಡೂವರೆ ಲಕ್ಷ ಜೂಲ್‌ಗಿಂತ ಹೆಚ್ಚು ಇರುತ್ತದೆ. ಆದ್ದರಿಂದ ಅವಸರಪಡಬೇಕಾದ ಕಾರಣವೇ ಇಲ್ಲ. ಗೇರ್ ಸ್ವಿಚ್ಚನ್ನು 1ಕ್ಕೆ ಇಟ್ಟು, ಟ್ರಿಗರನ್ನು ಅರೆಬರೆ ಒತ್ತಿ, ಸ್ವಲ್ಪ ಎತ್ತಿ, ನಿಲ್ಲಿಸಿ, ನಾಲ್ಕೂ ಮೂಲೆ ಸಮನಾಗಿ ಏರಿವೆಯೇ ಎಂದು ಸುತ್ತು ಹಾಕಿ ನೋಡಿ, ಮತ್ತೆ ಎತ್ತಿ. ಅರ್ಧಕ್ಕೆ ಬಂದಾಗ ವಿಂಚಿನ ಮೈ ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಆರಲು ಬಿಡಿ.

ಇಂಪ್ಯಾಕ್ಟ್ ಡ್ರೈವರನ್ನು ಮನೆಯಲ್ಲೇ ಬಿಡಿ. ಬಿಗಿ ಹೆಚ್ಚಿದಂತೆ ಅದು ಒಳಗಿನ ಸುತ್ತಿಗೆಯಿಂದ ಬಡಿದು ಬಡಿದು ತಿರುಗಿಸುವ ಉಪಕರಣ. ಆ ಪ್ರತಿಯೊಂದು ಪೆಟ್ಟೂ ವಿಂಚಿನ ಹಲ್ಲಿಗೆ, ಪಿನ್ನಿಗೆ, ರೋಪಿನ ತುದಿಯ ಕ್ಲ್ಯಾಂಪಿಗೆ ಬೀಳುತ್ತದೆ.

ಡ್ರಿಲ್ಲಿನ ಮೂತಿಯಲ್ಲಿರುವ ಕ್ಲಚ್ ಉಂಗುರವನ್ನು (ಬಿಗಿ ಮಿತಿ ಮೀರಿದರೆ ತಿರುಗಿಸುವುದನ್ನು ಬಿಟ್ಟುಬಿಡುವಂತೆ ಮಾಡುವುದು ಅದೇ) ಚಿಕ್ಕ ಅಂಕಿಯಿಂದ ಶುರುಮಾಡಿ, ಚಾವಣಿ ಅಷ್ಟಕ್ಕಷ್ಟೇ ಏರುವ ಅಂಕಿ ಸಿಕ್ಕೊಡನೆ ಅಲ್ಲಿಗೆ ನಿಲ್ಲಿಸಬೇಕು. ಡ್ರಿಲ್ ಬಿಟ್ಟಿನ ಚಿತ್ರವಿರುವ ಜಾಗಕ್ಕೆ ಉಂಗುರ ತಿರುಗಿಸಿದರೆ ಕ್ಲಚ್ ಕೆಲಸವನ್ನೇ ಮಾಡುವುದಿಲ್ಲ, ಇದನ್ನು ಬಹಳ ಜನ ಗಮನಿಸುವುದಿಲ್ಲ. ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಚಾವಣಿಯ ಬದಿಯ ಚಿಲಕಗಳಲ್ಲಿ ಒಂದನ್ನು ತೆಗೆಯಲು ಮರೆತು ಹ್ಯಾಂಡಲ್ ತಿರುಗಿಸಿದರೆ ಕೈಗೆ ಕೂಡಲೇ ಗೊತ್ತಾಗುತ್ತದೆ. ಕಂಬದ ಒಳಗಿನ ಕೊಳವೆ ತುಕ್ಕು ಹಿಡಿದು ಕಚ್ಚಿಕೊಂಡರೂ ಗೊತ್ತಾಗುತ್ತದೆ. ಡ್ರಿಲ್ ಹಿಡಿದವನಿಗೆ ಅದು ತಿಳಿಯುವ ಹೊತ್ತಿಗೆ ರೋಪು ತುಂಡಾಗಿರುತ್ತದೆ ಅಥವಾ ರಿವೆಟ್ ಕಿತ್ತು ಬಂದಿರುತ್ತದೆ. ಮೇಲಿನ ಮಿತಿಯ ಕಥೆಯೂ ಅದೇ. ಅಮೆರಿಕದ ಹಲವು ಕ್ಯಾಂಪರ್‌ಗಳಲ್ಲಿರುವ ಗೋಷನ್ ಎಂಬ ಪದ್ಧತಿಯಲ್ಲಿ ಒಂದು ಮುಖ್ಯ ರೋಪು ನಾಲ್ಕು ಮೂಲೆಯ ರೋಪುಗಳನ್ನು ಎಳೆದು, ಕೊಳವೆಯೊಳಗಿನ ಒತ್ತು ಸುರುಳಿಗಳನ್ನು (ಸ್ಪ್ರಿಂಗ್‌ಗಳನ್ನು) ಮೇಲಕ್ಕೆ ದೂಡುತ್ತದೆ. ಚಾವಣಿ ಪೂರ್ತಿ ಏರಿದ ಮೇಲೂ ವಿಂಚ್ ಎಳೆಯುತ್ತಲೇ ಇದ್ದರೆ ತಡೆಯುವುದಕ್ಕೆ ಅಲ್ಲೇನೂ ಇರುವುದಿಲ್ಲ. ಪೂರ್ತಿ ಏರಿದಾಗ ರೋಪು ಡ್ರಮ್ಮಿಗೆ ಸೇರುವ ಜಾಗದಲ್ಲಿ ಕೆಂಪು ಬಣ್ಣ ಹಚ್ಚಿ, ಅದಕ್ಕೆ ಒಂದು ಗೇಣು ಮುಂಚೆ ಬಿಳಿ ಬಣ್ಣ ಹಚ್ಚಿ. ಬಿಳಿ ಕಂಡೊಡನೆ ಡ್ರಿಲ್ ಕೆಳಗಿಡಿ, ಉಳಿದದ್ದನ್ನು ಎಡಗೈಯಿಂದಾದರೂ ಸರಿ, ಹ್ಯಾಂಡಲ್ ಹಾಕಿ ಮುಗಿಸಿ.

ವಾಸ್ಕೋದ ಉಪ್ಪುಗಾಳಿ, ಗೋವಾ:

ಭೋಸರಿಯವರು ಹೇಳಿದ್ದೆಲ್ಲ ಸರಿಯಾಗಿದೆ. ಕೋಥ್ರೂಡ್‌ನವರೇ, ನಿಮ್ಮ ಹ್ಯಾಂಡಲ್ ಮೊದಲಿನಿಂದಲೂ ಇಷ್ಟೇ ಭಾರವಾಗಿತ್ತೇ, ಈಚೆಗೆ ಆಯಿತೇ ಎಂಬುದನ್ನು ನೀವು ಬರೆದಿಲ್ಲ. ಸಮುದ್ರದ ಅಂಚಿನಲ್ಲಿ ನಿಲ್ಲಿಸುವ ಟ್ರೇಲರ್ ಆಗಿರುವುದರಿಂದ ಕೇಳುತ್ತಿದ್ದೇನೆ. ಇಲ್ಲಿ ನಮ್ಮ ಮನೆಯ ಕಿಟಕಿಯ ಕೊಂಡಿಗಳೇ ಮಳೆಗಾಲ ಕಳೆಯುವುದರೊಳಗೆ ಬಿಗಿದುಕೊಳ್ಳುತ್ತವೆ. ಟ್ರೇಲರಿನ ಕೆಳಗೆ ಕೆಸರು, ಮರಳು ಎರಚಿಸಿಕೊಳ್ಳುವ ರಾಟೆಗಳ ಪಾಡು ಹೇಳಬೇಕೇ? ರೋಪು ಓಡುವಾಗ ರಾಟೆ ತಿರುಗದೆ ನಿಂತಿದ್ದರೆ ರೋಪು ಅದರ ಮೇಲೆ ಉಜ್ಜಿಕೊಂಡೇ ಸಾಗುತ್ತದೆ, ಭಾರವೂ ಹೆಚ್ಚುತ್ತದೆ, ರೋಪೂ ಸವೆಯುತ್ತದೆ. ಅಂಥದ್ದಕ್ಕೆ ಡ್ರಿಲ್ ಹಾಕಿದರೆ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ.

ರೋಪನ್ನು ಪರೀಕ್ಷಿಸಲು ಬರಿಗೈ ಹಾಕಬೇಡಿ. ಹಳೆಯ ಹತ್ತಿ ಬಟ್ಟೆಯ ತುಂಡನ್ನು ರೋಪಿಗೆ ಸುತ್ತಿ ಹಿಡಿದು ಉದ್ದಕ್ಕೂ ಸವರುತ್ತಾ ಹೋಗಿ. ಎಲ್ಲಿ ದಾರ ಸಿಕ್ಕಿಕೊಳ್ಳುತ್ತದೋ ಅಲ್ಲಿ ಎಳೆ ಮುರಿದಿದೆ. ರಾಟೆಯ ಮೇಲೆ ಬಾಗುವ ಜಾಗ ಮತ್ತು ಡ್ರಮ್ಮಿನ ಒಳಸುತ್ತು, ಇವೆರಡರಲ್ಲೇ ಮೊದಲು ಹಾಳಾಗುವುದು. ಇನ್ನೊಂದು ಮಾತು, ಮಳೆಯಲ್ಲಿ ನಿಂತ ನೀರನ್ನು ಒರೆಸದೆ ಚಾವಣಿ ಎತ್ತಬೇಡಿ. ಎರಡು ಮೀಟರ್ ಅಗಲ, ಮೂರು ಮೀಟರ್ ಉದ್ದದ ಚಾವಣಿಯ ಮೇಲೆ ಒಂದೇ ಸೆಂಟಿಮೀಟರ್ ನೀರು ನಿಂತಿದ್ದರೂ 60 ಕಿಲೋ ಹೆಚ್ಚಾಯಿತು.

ಕೋಥ್ರೂಡ್ ನಿವಾಸಿ, ಪುಣೆ:

ಇಬ್ಬರಿಗೂ ಧನ್ಯವಾದ. ಎತ್ತುವಾಗ ಟಕಟಕ ಎನ್ನುತ್ತದೆ, ಇಳಿಸುವಾಗ ಸದ್ದಿಲ್ಲ, ಕೈ ಬಿಟ್ಟರೂ ಚಾವಣಿ ಅಲ್ಲೇ ನಿಲ್ಲುತ್ತದೆ. ಅಂದ ಮೇಲೆ ನಮ್ಮದು ಬ್ರೇಕ್ ವಿಂಚ್ ಎಂದಾಯಿತು. ವಾಸ್ಕೋದ ಮೇಡಂ ಊಹಿಸಿದಂತೆ ಭಾರವೂ ಈಚೆಗೆ ಹೆಚ್ಚಾದದ್ದೇ. ಟ್ರೇಲರಿನ ಕೆಳಗೆ ಮಗನನ್ನು ಮಲಗಿಸಿ ನೋಡಿಸಿದೆ. ಹಿಂದಿನ ಎಡಮೂಲೆಯ ರಾಟೆ ಸ್ವಲ್ಪವೂ ತಿರುಗುತ್ತಿಲ್ಲ. ಅದನ್ನು ಬಿಚ್ಚಿ ಬದಲಿಸುತ್ತೇವೆ. ಇದಾದ ಮೇಲೆ, ಬ್ರೇಕ್ ವಿಂಚಿನ ಶಾಫ್ಟಿನ ತುದಿಯ ನಟ್ಟಿಗೆ ಡ್ರಿಲ್ ಹಾಕಬಹುದೇ? ಬ್ರೇಕಿನ ಬಿಲ್ಲೆಗಳಿಗೂ ಗ್ರೀಸ್ ಹಾಕಬೇಕೇ?

ಭೋಸರಿ ಗೇರ್‌ಬಾಕ್ಸ್, ಪಿಂಪ್ರಿ-ಚಿಂಚವಾಡ:

ಬಿಲ್ಲೆಗಳಿಗೆ ಗ್ರೀಸ್ ಸೋಕಿಸಲೇಬೇಡಿ ಸರ್. ಗೇರಿನ ಹಲ್ಲಿಗೆ, ಶಾಫ್ಟಿನ ಬುಷ್‌ಗಳಿಗೆ ಹಾಕಿ. ಬಿಲ್ಲೆಗಳು ಒಣಗಿಯೇ ಇರಬೇಕು. ಚಾವಣಿಯನ್ನು ಹಿಡಿದು ನಿಲ್ಲಿಸುವುದೇ ಆ ಬಿಲ್ಲೆಗಳ ಘರ್ಷಣೆ.

ನಟ್ಟಿನ ವಿಚಾರದಲ್ಲಿ ನಿಮ್ಮ ಮಗನ ಉಪಾಯವನ್ನು ತಡೆಯಲೇಬೇಕಾಗಿದೆ. ಬ್ರೇಕ್ ವಿಂಚ್ ಕೆಲಸ ಮಾಡುವ ಬಗೆ ಹೀಗಿದೆ: ಹ್ಯಾಂಡಲಿನ ಹಬ್ (ಶಾಫ್ಟಿನ ಮೇಲೆ ಕೂರುವ ಅದರ ಬುಡ) ಶಾಫ್ಟಿಗೆ ಭದ್ರವಾಗಿ ಕೂತಿರುವುದಿಲ್ಲ, ಥ್ರೆಡ್ಡಿನ ಮೇಲೆ ಓಡಾಡುತ್ತಿರುತ್ತದೆ. ಎತ್ತುವ ದಿಕ್ಕಿಗೆ ತಿರುಗಿಸಿದಾಗ ಹಬ್ ಒಳಕ್ಕೆ ಸರಿದು ಬಿಲ್ಲೆಗಳನ್ನೂ ನಡುವಿನ ರ‍್ಯಾಚೆಟ್ ಚಕ್ರವನ್ನೂ ಒಟ್ಟಿಗೆ ಅದುಮುತ್ತದೆ. ಕೈ ಬಿಟ್ಟಾಗ ಚಾವಣಿಯ ಭಾರ ಶಾಫ್ಟನ್ನು ಹಿಂದಕ್ಕೆ ತಿರುಗಿಸಲು ಹೋದಷ್ಟೂ ಆ ಹಿಡಿತ ಬಿಗಿಯಾಗುತ್ತದೆ. ಇಳಿಸುವಾಗ ನೀವು ಹಬ್ಬನ್ನು ಕೊಂಚ ಸಡಿಲಿಸುತ್ತೀರಿ, ಭಾರ ಮತ್ತೆ ಬಿಗಿಸುತ್ತದೆ, ನೀವು ಮತ್ತೆ ಸಡಿಲಿಸುತ್ತೀರಿ. ಹೀಗೆ ಚಾವಣಿ ಇಳಿಯುತ್ತದೆ. ಎಲ್ಲ ಕೆಲಸವೂ ಹಬ್ಬಿನ ಮೂಲಕವೇ ನಡೆಯಬೇಕು. ಹ್ಯಾಂಡಲ್ ತೆಗೆದು ಶಾಫ್ಟಿನ ತುದಿಯ ನಟ್ಟನ್ನೇ ತಿರುಗಿಸಿದರೆ ಹಬ್ಬನ್ನು ಬದಿಗಿಟ್ಟು ಶಾಫ್ಟನ್ನು ನೇರವಾಗಿ ತಿರುಗಿಸಿದಂತಾಗುತ್ತದೆ. ಚಾವಣಿ ಏರುವುದೇನೋ ಏರುತ್ತದೆ, ಆದರೆ ಡ್ರಿಲ್ ತೆಗೆದ ಕ್ಷಣ ಅದನ್ನು ಹಿಡಿದುಕೊಳ್ಳಲು ಬ್ರೇಕ್ ಇರುವುದಿಲ್ಲ. ಹಿಮ್ಮುಖವಾಗಿ ತಿರುಗಿಸಿದರಂತೂ ನಟ್ಟೇ ಕಳಚಿ ಬರಬಹುದು.

ಆದ್ದರಿಂದ ಹಬ್ಬನ್ನು ಬಿಚ್ಚಿ, ಅದರ ಹೊರಮುಖದ ಸರಿಯಾಗಿ ಮಧ್ಯದಲ್ಲಿ, ಶಾಫ್ಟಿನ ತುದಿಗೆ ತಾಗದಂತೆ, ಒಂದು ಷಟ್ಕೋನದ ಉಕ್ಕಿನ ತುಂಡನ್ನು ಲೇತ್ ಅಂಗಡಿಯಲ್ಲಿ ಕೂರಿಸಿ ವೆಲ್ಡ್ ಮಾಡಿಸಬೇಕು. ಬಿಲ್ಲೆಗಳನ್ನು ತೆಗೆದಿಟ್ಟೇ ವೆಲ್ಡಿಂಗ್ ಆಗಬೇಕು. ತುಂಡು ಕೇಂದ್ರ ತಪ್ಪಿದರೆ ಡ್ರಿಲ್ ಕುಣಿಯುತ್ತದೆ, ಹಾಗಾಗಿ ಬರೀ ಕಣ್ಣಂದಾಜಿನಲ್ಲಿ ಹಚ್ಚುವವರ ಹತ್ತಿರ ಹೋಗಬೇಡಿ.

ಡೊಂಬಿವಲಿ ಶಟರ್, ಮುಂಬೈ:

ನಾನು ಅಂಗಡಿಗಳ ರೋಲಿಂಗ್ ಶಟರ್ ಕೆಲಸದವನು, ಕ್ಯಾಂಪರ್ ನನ್ನ ಕ್ಷೇತ್ರವಲ್ಲ. ಆದರೆ ದೊಡ್ಡ ಶಟರ್‌ಗಳನ್ನೂ ಗೇರ್ ಪೆಟ್ಟಿಗೆಗೆ ಉದ್ದ ಹ್ಯಾಂಡಲ್ ಸಿಕ್ಕಿಸಿಯೇ ತಿರುಗಿಸುವುದರಿಂದ, ಅದಕ್ಕೆ ಡ್ರಿಲ್ ಹಚ್ಚಲು ನೋಡುವ ಹುಡುಗರನ್ನು ದಿನಾ ಕಾಣುತ್ತೇನೆ. ಇಲ್ಲಿ ಯಾರೂ ಮಣಿಕಟ್ಟಿನ ಮಾತೆತ್ತಲಿಲ್ಲ. 25 ಸೆಂಟಿಮೀಟರಿನ ಹ್ಯಾಂಡಲನ್ನು 10 ಕಿಲೋ ಬಲದಲ್ಲಿ ತಳ್ಳಿದರೆ ಬೀಳುವ ತಿರುಚು ಸುಮಾರು 25 ನ್ಯೂಟನ್-ಮೀಟರ್. ಒಳ್ಳೆಯ 18 ವೋಲ್ಟಿನ ಡ್ರಿಲ್ 50 ನ್ಯೂಟನ್-ಮೀಟರ್‌ವರೆಗೂ ಹೋಗುತ್ತದೆ. ಮೇಲೆ ಏನಾದರೂ ಕಚ್ಚಿಕೊಂಡರೆ ಸಾಕೆಟ್ ನಿಲ್ಲುತ್ತದೆ, ಡ್ರಿಲ್ಲಿನ ಮೈ ತಿರುಗುತ್ತದೆ. ಆಗ 15 ಸೆಂಟಿಮೀಟರಿನ ಪಕ್ಕದ ಹಿಡಿಯಲ್ಲಿ ತಡೆಯಬೇಕಾದ ಬಲ ಸುಮಾರು 34 ಕಿಲೋ. ಭುಜ ನೋಯುತ್ತಿರುವವರು ಇದನ್ನು ತಡೆಯಲಾರರು. ಪಕ್ಕದ ಹಿಡಿ ಹಾಕದೆ ಡ್ರಿಲ್ ಮುಟ್ಟಲೇಬೇಡಿ. ಎತ್ತುವಾಗ ಡ್ರಿಲ್ಲಿನ ಮೈ ಹಿಮ್ಮುಖವಾಗಿ ಒದ್ದರೆ ಹಿಡಿ ಟ್ರೇಲರಿನ ಎಳೆಗಂಬಕ್ಕೆ ಬಂದು ಆನಿಕೊಳ್ಳುವಂತೆ ಮೊದಲೇ ಇಟ್ಟುಕೊಳ್ಳಿ, ನಡುವೆ ಬೆರಳಿರದಂತೆ ನೋಡಿಕೊಳ್ಳಿ.

ಇಳಿಸುವುದರ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬೇರೆ. ನಿಧಾನವಾಗಿ ತಿರುಗಿಸುವ ಸಂಯಮವಿದ್ದರೆ ಇಳಿಸಲೂ ಡ್ರಿಲ್ಲೇ ಆಗಬಹುದು. ವಿದ್ಯುತ್ ವಿಂಚ್ ಹಾಕಿಸುವ ಯೋಚನೆ ನನಗಂತೂ ಹಿಡಿಸದು. ಜೀಪುಗಳನ್ನು ಕೆಸರಿನಿಂದ ಎಳೆಯಲು ಮಾರುವ 12 ವೋಲ್ಟಿನ ವಿಂಚ್‌ಗಳು ಭಾರ ಎತ್ತಿ ನಿಲ್ಲಿಸುವುದಕ್ಕಾಗಿ ಮಾಡಿದವಲ್ಲ. ಚಾವಣಿಗೆಂದೇ ಮಾಡಿದ, ತಡೆಯುವ ಬ್ರೇಕೂ ಮೇಲೆ-ಕೆಳಗೆ ಕೊನೆ ಮುಟ್ಟಿದಾಗ ತಾನೇ ನಿಲ್ಲಿಸುವ ಲಿಮಿಟ್ ಸ್ವಿಚ್ಚೂ ಇರುವಂಥದ್ದು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಬೇಡ.

ವಾಸ್ಕೋದ ಉಪ್ಪುಗಾಳಿ, ಗೋವಾ:

ಡೊಂಬಿವಲಿಯವರೇ, ಇಳಿಸುವ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಲಾರೆ. ಶಟರಿನಲ್ಲಿ ಹಾಳೆ ಹಳಿಯಲ್ಲಿ ಓಡುತ್ತದೆ, ಪಕ್ಕಕ್ಕೆ ವಾಲುವ ಪ್ರಶ್ನೆಯಿಲ್ಲ. ಇಲ್ಲಿ ಚಾವಣಿ ಸ್ವಂತ ತೂಕದಿಂದಲೇ ಇಳಿಯಬೇಕು. ಒಂದು ಮೂಲೆಯ ಕಂಬ ಕಚ್ಚಿಕೊಂಡು ನಿಂತರೂ ಡ್ರಿಲ್ ರೋಪನ್ನು ಬಿಚ್ಚುತ್ತಲೇ ಹೋಗುತ್ತದೆ. ಸಡಿಲಾದ ರೋಪು ಡ್ರಮ್ಮಿನ ಮೇಲೆ ಗೋಜಲಾಗುತ್ತದೆ, ಆಮೇಲೆ ಆ ಮೂಲೆ ಒಮ್ಮೆಲೇ ಕುಸಿಯುತ್ತದೆ. ಪೂರ್ತಿ ಇಳಿದ ಮೇಲೂ ತಿರುಗಿಸುತ್ತಿದ್ದರೆ ರೋಪು ಕೊನೆಯವರೆಗೂ ಬಿಚ್ಚಿಕೊಂಡು ಡ್ರಮ್ಮಿಗೆ ಉಲ್ಟಾ ಸುತ್ತಿಕೊಳ್ಳತೊಡಗುತ್ತದೆ. ಹಾಗಾದರೆ ಮುಂದಿನ ಸಲ ಎತ್ತುವಾಗ ಬ್ರೇಕ್ ಹಿಡಿಯುವುದಿಲ್ಲ, ಏಕೆಂದರೆ ಬ್ರೇಕ್ ಹಿಡಿಯುವುದು ಒಂದೇ ದಿಕ್ಕಿಗೆ. ಇಳಿಸುವಾಗ ಕೈಗೆ ಬೀಳುವ ಶ್ರಮವೂ ಎತ್ತುವಾಗಿನಷ್ಟು ಇರುವುದಿಲ್ಲ, ಅದನ್ನು ಮಗನೋ ಪತ್ನಿಯೋ ಹ್ಯಾಂಡಲಿನಿಂದಲೇ ಮಾಡಲಿ.

ಎತ್ತಿದ ಮೇಲೆ ಒಳಗೆ ಕಾಲಿಡುವ ಮುನ್ನ ನಾಲ್ಕು ಕಂಬಗಳಿಗೂ ಊರುಗೋಲು ಕೊಡಿ. ಚಾವಣಿಯ ಅಂಚಿಗೂ ಟ್ರೇಲರಿನ ಮೈಗೂ ನಡುವಿನ ಅಳತೆಗೆ ಕತ್ತರಿಸಿದ, ಉದ್ದಕ್ಕೆ ಸೀಳಿದ ಕಬ್ಬಿಣದ ಪೈಪನ್ನು ಕಂಬದ ಸುತ್ತ ಸಿಕ್ಕಿಸಿಟ್ಟರೆ ರೋಪು ಹರಿದರೂ ಚಾವಣಿ ಅಲ್ಲೇ ನಿಲ್ಲುತ್ತದೆ.

ಡೊಂಬಿವಲಿ ಶಟರ್, ಮುಂಬೈ:

ಉಲ್ಟಾ ಸುತ್ತಿಕೊಳ್ಳುವ ಮಾತು ನ್ಯಾಯವಾದದ್ದು ಮೇಡಂ, ಶಟರಿನಲ್ಲಿ ಆ ತೊಂದರೆ ಬರುವುದಿಲ್ಲ. ಆದರೂ ಟ್ರೇಲರಿನ ಮೂಲೆಗಳಿಗೆ ಆಸರೆ ಕೊಡುವ ಸ್ಕ್ರೂ ಜ್ಯಾಕ್‌ಗಳನ್ನು ಇಳಿಸಲು, ಎತ್ತಲು ಡ್ರಿಲ್ ಬಳಸುವುದಕ್ಕೆ ಯಾರ ಅಡ್ಡಿಯೂ ಇರಲಾರದು.

ಭೋಸರಿ ಗೇರ್‌ಬಾಕ್ಸ್, ಪಿಂಪ್ರಿ-ಚಿಂಚವಾಡ:

ಅಡ್ಡಿಯಿಲ್ಲ. ಜ್ಯಾಕ್ ನೆಲ ಮುಟ್ಟುವವರೆಗೆ ಡ್ರಿಲ್, ಮುಟ್ಟಿದ ಮೇಲೆ ಕೈ. ಡ್ರಿಲ್ಲಿಗೆ ಬಲವಿದೆಯೆಂದು ಆ ಜ್ಯಾಕ್‌ಗಳಿಂದಲೇ ಟ್ರೇಲರನ್ನು ಎತ್ತಿ ಮಟ್ಟ ಮಾಡಲು ಹೋದರೆ ಚೌಕಟ್ಟು ತಿರುಚಿಕೊಳ್ಳುತ್ತದೆ. ಚೌಕಟ್ಟು ತಿರುಚಿದರೆ ಮೂಲೆಯ ಕಂಬಗಳು ಓರೆಯಾಗುತ್ತವೆ, ಕಂಬ ಓರೆಯಾದರೆ ಹ್ಯಾಂಡಲ್ ಮತ್ತೆ ಭಾರವಾಗುತ್ತದೆ. ಚಕ್ರದ ಕೆಳಗೆ ಹಲಗೆ ಕೊಟ್ಟು ಮೊದಲು ಮಟ್ಟ ಮಾಡಿ, ಆಮೇಲೆ ಜ್ಯಾಕ್, ಆಮೇಲೆ ಚಾವಣಿ.

ಕೋಥ್ರೂಡ್ ನಿವಾಸಿ, ಪುಣೆ:

ಮಟ್ಟ ಮಾಡುವ ವಿಷಯ ನನಗೆ ಹೊಳೆದಿರಲಿಲ್ಲ. ಹಬ್ಬಿಗೆ ವೆಲ್ಡ್ ಮಾಡಿಸುವ ಷಟ್ಕೋನದ ತುಂಡು ಯಾವ ಅಳತೆಯದಿರಬೇಕು? ಸಾಕೆಟನ್ನು ಡ್ರಿಲ್ಲಿಗೆ ಜೋಡಿಸುವುದು ಹೇಗೆ?

ಭೋಸರಿ ಗೇರ್‌ಬಾಕ್ಸ್, ಪಿಂಪ್ರಿ-ಚಿಂಚವಾಡ:

19 ಮಿಲಿಮೀಟರ್ ಇರಲಿ, ಮುಕ್ಕಾಲು ಇಂಚಿನ ಸಾಕೆಟ್ ಕೂಡ ಅದಕ್ಕೆ ಕೂರುತ್ತದೆ. ಸಾಕೆಟಿಗೆ ಅರ್ಧ ಇಂಚಿನ ಚೌಕ ತುದಿ, ಇನ್ನೊಂದು ಬದಿಯಲ್ಲಿ ಡ್ರಿಲ್ಲಿನ ಚಕ್ಕಿಗೆ (ಬಿಟ್ ಹಿಡಿಯುವ ಬಾಯಿಗೆ) ಹಿಡಿಯುವ ಷಟ್ಕೋನದ ಕಡ್ಡಿ, ಹೀಗಿರುವ ಅಡಾಪ್ಟರ್ ರವಿವಾರ ಪೇಠೆಯ ಬೋಹರಿ ಆಳಿಯಲ್ಲಿ ಕೇಳಿ ನೋಡಿ. ಡೊಂಬಿವಲಿಯವರ ಕಡೆಯವರಾದರೆ ನಾಗದೇವಿ ಬೀದಿ. ಕಾಲು ಇಂಚಿನ ಕಡ್ಡಿಯಿರುವ ಅಗ್ಗದ ಅಡಾಪ್ಟರ್ ಕೊಳ್ಳಬೇಡಿ, ಈ ಬಿಗಿಗೆ ಅದು ತಿರುಚಿ ತುಂಡಾಗುತ್ತದೆ. ಚಕ್ 13 ಮಿಲಿಮೀಟರಿನದಾಗಿದ್ದರೆ ಅದಕ್ಕೆ ಹಿಡಿಯುವಷ್ಟು ದಪ್ಪ ಕಡ್ಡಿಯನ್ನೇ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಿ. ಹಬ್ ಬಿಚ್ಚಿದಾಗ ಬಿಲ್ಲೆಗಳ ದಪ್ಪವನ್ನೂ ಕೊಕ್ಕೆಯ ಸ್ಪ್ರಿಂಗನ್ನೂ ನೋಡಿ. ಸ್ಪ್ರಿಂಗ್ ಸಡಿಲಾಗಿದ್ದರೆ ಕೂಡಲೇ ಬದಲಿಸಿ. ಮತ್ತೆ ಜೋಡಿಸಿದ ಮೇಲೆ ಚಾವಣಿಯನ್ನು ಒಂದಡಿ ಮಾತ್ರ ಎತ್ತಿ, ಕೆಳಗೆ ಮರದ ದಿಮ್ಮಿಗಳನ್ನಿಟ್ಟು, ಡ್ರಿಲ್ ತೆಗೆದು ಸ್ವಲ್ಪ ಹೊತ್ತು ಬಿಡಿ. ಅಷ್ಟು ಹೊತ್ತಿನಲ್ಲಿ ಒಂದು ಹಲ್ಲೂ ಜಾರದಿದ್ದರೆ ಪೂರ್ತಿ ಎತ್ತಬಹುದು.